ಬಾಗಿಲು ತೆರೆದವರು ಯಾರು?

ಕಳೆದ ಆಗಮನ ಕಾಲದ ಒಂದು ಸಂಜೆ ಬಬಲೇಶ್ವರದ ಮನೆಯೊಂದರ ಅಂಗಳದಲ್ಲಿ ಸುಮಾರು ಇಪ್ಪತ್ತು ಮಂದಿ ಪ್ರಾರ್ಥನೆಗೆ ಸೇರಿದ್ದೆವು. ನೆರೆಹೊರೆಯ ಕೆಲವರೂ ಬಂದು ಕುಳಿತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಮನೆಯವರು ನನ್ನನ್ನು ಕೇಳಿಕೊಂಡರು. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ಇಂಥ ಕೋರಿಕೆ ಹೊಸದೇನಲ್ಲ. ಭಾರತದ ಮೊದಲ ಕಾರ್ಡಿನಲ್ ವಲೇರಿಯನ್ ಗ್ರಾಸಿಯಸ್ ಅವರ ಕಥೆಯನ್ನು ಆರಿಸಿಕೊಂಡೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟ ಬಡ ದಂಪತಿಗಳ ಮಗ, ಶೈಶವದಲ್ಲೇ ತಂದೆಯನ್ನು ಕಳೆದುಕೊಂಡವನು, ಓದಿ ಗುರುವಾದ, ಧರ್ಮಾಧ್ಯಕ್ಷನಾದ, ಕೊನೆಗೆ ಜಗದ್ಗುರುಗಳನ್ನು ಆರಿಸುವ ಸಭೆಯಲ್ಲಿ ಆಸೀನನಾದ. "ಬಡತನ ಅಡ್ಡಿಯಲ್ಲ ಮಕ್ಕಳೇ, ಮನಸ್ಸಿದ್ದರೆ ಮಾರ್ಗ" ಎಂದು ಮುಗಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಕಂಬಕ್ಕೆ ಒರಗಿ ಕುಳಿತಿದ್ದ ಮುದುಕಿಯೊಬ್ಬಳು ಮಾತ್ರ ತಟ್ಟಲಿಲ್ಲ. ಅವಳ ಮಗ ಸೊಸೆ ಗೋವೆಯಲ್ಲಿ ಗಾರೆ ಕೆಲಸ ಮಾಡುತ್ತಾರೆ. ಮೊಮ್ಮಕ್ಕಳು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಆಕೆ ಸೆರಗು ಸರಿಪಡಿಸಿಕೊಂಡು ಕೇಳಿದಳು: "ಮಾಸ್ತರ, ನೀವು ಹೇಳಿದ್ದು ಚೊಲೋ ಐತ್ರಿ. ಖರೆ, ಅಪ್ಪ ಇಲ್ಲದ ಆ ಹುಡುಗನ್ನ ಪರ ಊರಾಗ ಸಾಲಿಗೆ ಸೇರಿಸ್ಕೊಂಡವರು ಯಾರ್ರಿ?"

ನಾನು ನಿರುತ್ತರನಾದೆ. ಅದೇ ಕಥೆಯನ್ನು ಹತ್ತಾರು ಕಡೆ ಹೇಳಿದ್ದೆ. ಹತ್ತಿದವನ ಮೇಲೆ ನೆಟ್ಟ ನನ್ನ ಕಣ್ಣು ಮೆಟ್ಟಿಲು ಕಟ್ಟಿದವರ ಕಡೆ ಒಮ್ಮೆಯೂ ಹೊರಳಿರಲಿಲ್ಲ. ಬಡವನೊಬ್ಬ ಮೇಲೇರಿದ ಕಥೆ ನಮಗೆ ಹೇಳುವುದೇನು? ಬಡತನ ದೊಡ್ಡ ಸಂಗತಿಯಲ್ಲ ಎಂದೋ, ಅಥವಾ ನಮ್ಮ ಮೇಲೊಂದು ಋಣವಿದೆ ಎಂದೋ? ಈ ಪ್ರಶ್ನೆಯನ್ನು ಓದುಗರೊಂದಿಗೆ ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಕರಾಚಿಯ ಮಗು

ವಲೇರಿಯನ್ ಗ್ರಾಸಿಯಸ್ ಹುಟ್ಟಿದ್ದು 1900ರ ಅಕ್ಟೋಬರ್ 23ರಂದು, ಕರಾಚಿಯಲ್ಲಿ. ತಂದೆ ಜೋಸೆ, ತಾಯಿ ಕಾರ್ಲೋಟ. ಇವರ ಮೂಲ ದಕ್ಷಿಣ ಗೋವೆಯ ನಾವೇಲಿಂ ಬಳಿಯ ದ್ರಾಮಾಪುರ. ಅಂದಿನ ಗೋವೆ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಹೊಲ ಕಿರಿದು, ಕೆಲಸ ವಿರಳ. ಆದುದರಿಂದ ಸಾವಿರಾರು ಗೋವನ್ನರು ಬ್ರಿಟಿಷ್ ಭಾರತದ ಬಂದರು ಪಟ್ಟಣಗಳಿಗೆ ಹೊರಟರು. ಅಡುಗೆಯವರಾಗಿ, ದರ್ಜಿಗಳಾಗಿ, ಗುಮಾಸ್ತರಾಗಿ, ವಾದ್ಯಗಾರರಾಗಿ, ಹಡಗಿನ ಆಳುಗಳಾಗಿ ಮುಂಬಯಿಗೂ ಕರಾಚಿಗೂ ಹೋಗಿ ನೆಲೆಸಿದರು. ಅಂಥ ವಲಸೆಯ ಒಂದು ಬಡ ಸಂಸಾರ ಗ್ರಾಸಿಯಸ್ ಅವರದು. 1902ರಲ್ಲಿ ಜೋಸೆ ತೀರಿಕೊಂಡರು. ಮಗು ಇನ್ನೂ ತೊದಲು ನುಡಿಯುವ ವಯಸ್ಸು. ಪರ ಊರಿನಲ್ಲಿ ವಿಧವೆಯಾದ ತಾಯಿ, ಕೈಯಲ್ಲೊಂದು ಕೂಸು. ಕಥೆ ಇಲ್ಲಿಗೇ ಮುಗಿದುಹೋಗಬಹುದಿತ್ತು. ಅಂದು ಹಾಗೆ ಮುಗಿದುಹೋದ ಕಥೆಗಳು ಎಷ್ಟೋ.

ಇಲ್ಲಿ ಒಂದು ಮಾತನ್ನು ನಮ್ಮ ಜಿಲ್ಲೆಯ ಓದುಗರು ಗಮನಿಸಬೇಕು. ಆ ಮಗು ಹುಟ್ಟಿದ ವರ್ಷ ಕರಾಚಿಯೂ ಬಿಜಾಪುರವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಸಿಂಧ್ ಬೇರೆಯಾದದ್ದು 1936ರಲ್ಲಿ. ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ಹೀಗಾಗಿ ಕರಾಚಿಯ ಆ ಅನಾಥ ಬಾಲಕನೂ, ಬರಗಾಲಕ್ಕೆ ಹೆದರಿ ಮುಂಬಯಿಯ ಹಾದಿ ಹಿಡಿದ ನಮ್ಮ ಮುತ್ತಜ್ಜಂದಿರೂ ಒಂದೇ ಆಡಳಿತದ ಬಡ ಪ್ರಜೆಗಳು.

ಮುಂದಿನ ಹೆಜ್ಜೆಗಳನ್ನು ಬೇಗನೆ ಹೇಳಿಬಿಡುತ್ತೇನೆ. ಬಾಲಕ ಓದಿದ್ದು ಕರಾಚಿಯ ಸಂತ ಪ್ಯಾಟ್ರಿಕ್ ಶಾಲೆಯಲ್ಲಿ. ಅದು 1861ರಲ್ಲಿ ಆರಂಭವಾದ ಶಾಲೆ. ಅಲ್ಲಿಂದ ದಕ್ಷಿಣಕ್ಕೆ, ನಮ್ಮದೇ ಕನ್ನಡ ಕರಾವಳಿಗೆ ಬಂದು ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಗುರುಮಠವನ್ನು ಸೇರಿದರು. ಮುಂದೆ ಸಿಂಹಳದ ಕ್ಯಾಂಡಿಯಲ್ಲಿ ದೈವಶಾಸ್ತ್ರದ ಅಧ್ಯಯನ. 1926ರ ಅಕ್ಟೋಬರ್ 3ರಂದು ಗುರುದೀಕ್ಷೆ. ಬಳಿಕ ರೋಮಿನಲ್ಲಿ ಉನ್ನತ ವ್ಯಾಸಂಗ. ಮುಂಬಯಿಗೆ ಮರಳಿದ ಮೇಲೆ ಮಹಾಧರ್ಮಾಧ್ಯಕ್ಷರ ಕಾರ್ಯದರ್ಶಿ. 1941ರಲ್ಲಿ ಪವಿತ್ರ ನಾಮ ದೇವಾಲಯದ ಹೊಣೆ ಹೊತ್ತ ಮೊದಲ ಭಾರತೀಯ ಗುರು. 1946ರಲ್ಲಿ ಸಹಾಯಕ ಧರ್ಮಾಧ್ಯಕ್ಷ. 1950ರ ಡಿಸೆಂಬರಿನಲ್ಲಿ ಮುಂಬಯಿಯ ಮಹಾಧರ್ಮಾಧ್ಯಕ್ಷ. 1953ರ ಜನವರಿ 12ರಂದು ಹನ್ನೆರಡನೆಯ ಪಿಯುಸ್ ಜಗದ್ಗುರುಗಳಿಂದ ಕಾರ್ಡಿನಲ್ ಪದವಿ. ಭಾರತೀಯನೊಬ್ಬನಿಗೆ ಆ ಪದವಿ ದೊರೆತದ್ದು ಅದೇ ಮೊದಲು. 1958 ಮತ್ತು 1963ರಲ್ಲಿ ಜಗದ್ಗುರುಗಳ ಆಯ್ಕೆಯಲ್ಲಿ ಅವರು ಭಾಗಿಯಾದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ ಕುಳಿತರು. 1966ರಲ್ಲಿ ಭಾರತ ಸರ್ಕಾರ ಪದ್ಮವಿಭೂಷಣ ನೀಡಿತು. 1978ರ ಸೆಪ್ಟೆಂಬರ್ 11ರಂದು ಅವರು ದೈವಾಧೀನರಾದರು.

1964ರ ಡಿಸೆಂಬರಿನ ಒಂದು ಸಂದರ್ಭವನ್ನು ಮಾತ್ರ ನಿಂತು ನೋಡಬೇಕು. ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ ಮುಂಬಯಿ ಆತಿಥ್ಯ ವಹಿಸಿತ್ತು. ಆರನೆಯ ಪೌಲ್ ಜಗದ್ಗುರುಗಳು ಬಂದಿಳಿದರು. ಭಾರತದ ನೆಲವನ್ನು ಮೆಟ್ಟಿದ ಮೊದಲ ಜಗದ್ಗುರು ಅವರು. ಆತಿಥೇಯರು ಕಾರ್ಡಿನಲ್ ಗ್ರಾಸಿಯಸ್. ಅತಿಥಿಯನ್ನು ಭೇಟಿಯಾದ ದೇಶದ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ. ಶಾಸ್ತ್ರಿಯವರೂ ಹಸುಗೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು ತಾಯಿಯ ತವರಿನಲ್ಲಿ ಬೆಳೆದವರು. ತಂದೆಯಿಲ್ಲದ ಇಬ್ಬರು ಬಡ ಹುಡುಗರು, ಒಬ್ಬ ಧರ್ಮಸಭೆಯ ಪರವಾಗಿ, ಇನ್ನೊಬ್ಬ ರಾಷ್ಟ್ರದ ಪರವಾಗಿ, ಜಗತ್ತೇ ನೋಡುತ್ತಿದ್ದ ಆ ದಿನಗಳಲ್ಲಿ ಒಂದೇ ಅತಿಥಿಯನ್ನು ಬರಮಾಡಿಕೊಂಡರು. ಇಬ್ಬರ ಹಿಂದೆಯೂ ಅವರನ್ನು ಕೈಬಿಡದ ಒಂದು ಮನೆಯೋ ಒಂದು ಶಾಲೆಯೋ ಇತ್ತು ಎಂಬುದು ಆ ದಿನಗಳ ಪತ್ರಿಕೆಗಳ ಚಿತ್ರಗಳಲ್ಲಿ ಕಾಣುವಂಥದ್ದಲ್ಲ.

ಕುರ್ಚಿ ಬಿಟ್ಟು ಎದ್ದವರು

ಈಗ ಮುದುಕಿಯ ಪ್ರಶ್ನೆಗೆ ಬರೋಣ. ಸೇರಿಸಿಕೊಂಡವರು ಯಾರು?

ಮೊದಲನೆಯದಾಗಿ ತಾಯಿ. ದುಡಿಯುವ ವಯಸ್ಸಿಗೆ ಬಂದ ಮಗನನ್ನು ದುಡಿಮೆಗೆ ಹಚ್ಚದೆ ಓದಲು ಬಿಟ್ಟ ವಿಧವೆ. ಎರಡನೆಯದಾಗಿ ಶಾಲೆ. ಮೂರನೆಯದಾಗಿ, ತನಗಿಂತ ಮುಂಚೆ ಬಂದು ನೆಲೆಯೂರಿದ ವಲಸಿಗರ ಸಮುದಾಯ. ಗೋವನ್ನರು ಈ ವಿಷಯದಲ್ಲಿ ಮಾದರಿಯಾದವರು. ಮುಂಬಯಿಯ ಧೋಬಿ ತಲಾವ್ ಪ್ರದೇಶದಲ್ಲಿ ಅವರು 'ಕೂಡ್' ಎಂದು ಕರೆಯುವ ವಸತಿಗೃಹಗಳಿವೆ. ಒಂದೊಂದು ಊರಿನವರಿಗೆ ಒಂದೊಂದು ಕೂಡ್. ಕೆಲಸ ಹುಡುಕಿಕೊಂಡು ಬಂದವನಿಗೆ, ಹಡಗು ಕಾಯುವವನಿಗೆ ಅತ್ಯಲ್ಪ ಬಾಡಿಗೆಯಲ್ಲಿ ಅಲ್ಲಿ ಮಲಗಲು ಜಾಗ. ಒಬ್ಬೊಬ್ಬನಿಗೂ ಒಂದು ಪೆಟ್ಟಿಗೆ ಇಡುವಷ್ಟು ಸ್ಥಳ. ಗೋಡೆಗೆ ಒಂದು ಪೀಠ. ಸಂಜೆಯಾದರೆ ಎಲ್ಲರೂ ಕೂಡಿ ಜಪಮಾಲೆ. ಮಹಾನಗರದಲ್ಲಿ ಯಾರೂ ಇಲ್ಲದವನಾಗಿ ಮನುಷ್ಯ ಕಳೆದುಹೋಗದಂತೆ ಬಡವರೇ ಬಡವರಿಗಾಗಿ ಕಟ್ಟಿಕೊಂಡ ವ್ಯವಸ್ಥೆ ಇದು.

ನಾಲ್ಕನೆಯವರ ಹೆಸರನ್ನು ಹೇಳಲೇಬೇಕು: ಮಹಾಧರ್ಮಾಧ್ಯಕ್ಷ ಥಾಮಸ್ ರಾಬರ್ಟ್ಸ್. ಯೇಸುಸಭೆಗೆ ಸೇರಿದ ಈ ಇಂಗ್ಲಿಷ್ ಗುರು 1937ರಲ್ಲಿ ಮುಂಬಯಿಯ ಪೀಠಕ್ಕೆ ಬಂದರು. ಆ ಪೀಠಕ್ಕೆ ಅಂದು ವಿಚಿತ್ರವಾದ ಒಂದು ಕರಾರಿತ್ತು. 1928ರ ಒಪ್ಪಂದದಂತೆ ಒಮ್ಮೆ ಪೋರ್ಚುಗೀಸ್ ಧರ್ಮಾಧ್ಯಕ್ಷರು, ಮತ್ತೊಮ್ಮೆ ಇಂಗ್ಲಿಷ್ ಧರ್ಮಾಧ್ಯಕ್ಷರು. ಭಾರತೀಯರ ಸರದಿಯೇ ಅದರಲ್ಲಿರಲಿಲ್ಲ. ಇದು ಸಲ್ಲದೆಂದು ರಾಬರ್ಟ್ಸ್ ಅರಿತರು. 1946ರಲ್ಲಿ ಗ್ರಾಸಿಯಸ್ ಅವರಿಗೆ ತಾವೇ ಧರ್ಮಾಧ್ಯಕ್ಷ ದೀಕ್ಷೆ ನೀಡಿ, ಆಡಳಿತದ ಭಾರವನ್ನು ಅವರ ಹೆಗಲಿಗೆ ಬಿಟ್ಟು, ತಾವು ದೂರ ಸರಿದರು. 1950ರಲ್ಲಿ ಪೋರ್ಚುಗಲ್ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು, ರಾಬರ್ಟ್ಸ್ ಅವರ ರಾಜೀನಾಮೆ ಅಂಗೀಕೃತವಾಯಿತು, ಗ್ರಾಸಿಯಸ್ ಪೀಠವೇರಿದರು.

ಸ್ವಲ್ಪ ಯೋಚಿಸಿ. ಅರವತ್ತು ವರ್ಷವೂ ತುಂಬದ ವಯಸ್ಸು, ಗಟ್ಟಿ ಆರೋಗ್ಯ, ಕೈಯಲ್ಲಿ ಅಧಿಕಾರ. ಎದ್ದು ಹೋಗೆಂದು ಯಾರೂ ಅವರನ್ನು ದೂಡಲಿಲ್ಲ. ಆದರೂ ಎದ್ದರು. ಕುರ್ಚಿಯ ಮೇಲೆ ಕುಳಿತವರು ಏಳದಿದ್ದರೆ ನೆಲದ ಮೇಲೆ ಕುಳಿತವನ ಪ್ರತಿಭೆ ಎಷ್ಟಿದ್ದರೇನು? ಗ್ರಾಸಿಯಸ್ ಅವರ ಜೀವನಕಥೆಯಲ್ಲಿ ನನ್ನನ್ನು ಅತ್ಯಂತ ಕಾಡುವುದು ಅವರು ಕೆಂಪು ಟೊಪ್ಪಿಗೆ ಧರಿಸಿದ ಘಳಿಗೆಯಲ್ಲ. ಇನ್ನೊಬ್ಬರು ಸದ್ದಿಲ್ಲದೆ ಜಾಗ ಬಿಟ್ಟುಕೊಟ್ಟ ಘಳಿಗೆ.

ಎರಡು ಆಕ್ಷೇಪಗಳು

ಇಲ್ಲಿ ಓದುಗರು ಆಕ್ಷೇಪಿಸಬಹುದು. ಹೀಗೆ ಎಲ್ಲ ಶ್ರೇಯಸ್ಸನ್ನೂ ಬಾಗಿಲು ತೆರೆದವರಿಗೆ ಕೊಟ್ಟರೆ ಒಳಗೆ ನಡೆದುಬಂದವನ ಪರಿಶ್ರಮಕ್ಕೆ ಬೆಲೆಯೇನು? ಅದೇ ಶಾಲೆಯಲ್ಲಿ ನೂರಾರು ಹುಡುಗರಿದ್ದರು, ಎಲ್ಲರೂ ಕಾರ್ಡಿನಲ್ ಆದರೇ?

ಆಕ್ಷೇಪ ನ್ಯಾಯವಾದದ್ದೇ. ಆದರೆ ಕೃತಜ್ಞತೆಯೆಂಬುದು ಒಬ್ಬನಿಂದ ಕಳೆದು ಮತ್ತೊಬ್ಬನಿಗೆ ಕೂಡಿಸುವ ಲೆಕ್ಕವಲ್ಲ. ಬಿತ್ತಿದವನಿಗೆ ಋಣಿಯಾಗಿದ್ದೇನೆ ಎಂದ ಮಾತ್ರಕ್ಕೆ ಬೀಜದ ಸತ್ವ ಕಡಿಮೆಯಾಗದು. ಹಿಂಗಾರಿ ಜೋಳದ ನಾಡಿನವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬೀಜ ಎಷ್ಟೇ ಗಟ್ಟಿಯಿರಲಿ, ಎರೆ ಭೂಮಿಯಲ್ಲಿ ಹಸಿ ಇಲ್ಲದಿದ್ದರೆ ಮೊಳಕೆ ಏಳದು. "ಮನಸ್ಸಿದ್ದರೆ ಮಾರ್ಗ" ಎಂದು ಬಡ ಮಗುವಿಗೆ ಉಪದೇಶಿಸುವುದರಲ್ಲಿ ಒಂದು ಅಪಾಯವಿದೆ. ಮಾರ್ಗ ಸಿಗದವನಿಗೆ ಮನಸ್ಸೇ ಇರಲಿಲ್ಲ ಎಂದು ಅದು ಸೂಚ್ಯವಾಗಿ ಹೇಳುತ್ತದೆ. ಹಾಗೆ ಹೇಳಿದೊಡನೆ ನಮ್ಮ ಹೊಣೆ ಇಳಿದುಹೋಗುತ್ತದೆ. ಒಬ್ಬನ ಏಳಿಗೆಯ ಕಥೆ ಹೀಗೆ ನೂರು ಮಂದಿಯ ಸೋಲಿಗೆ ಷರಾ ಬರೆಯುವ ಲೇಖನಿಯಾಗಿಬಿಡಬಹುದು.

ಎರಡನೆಯ ಆಕ್ಷೇಪ ಇನ್ನೂ ಹರಿತವಾದದ್ದು. ಆ ಬಾಲಕ ಕಥೋಲಿಕನಾಗಿದ್ದ. ಆದುದರಿಂದ ಕಥೋಲಿಕ ಶಾಲೆ, ಕಥೋಲಿಕ ಗುರುಮಠ ಅವನನ್ನು ಸೇರಿಸಿಕೊಂಡವು. ತಮ್ಮ ಮಂದೆಯ ಕುರಿಯನ್ನು ತಾವು ಕಾದುಕೊಂಡದ್ದರಲ್ಲಿ ದೊಡ್ಡಸ್ತಿಕೆ ಏನು?

ಇದನ್ನು ನಾನು ಅಲ್ಲಗಳೆಯಲಾರೆ. ನಮ್ಮವನಿಗೆ, ನಾಳೆ ನಮಗೆ ಕೀರ್ತಿ ತರಬಲ್ಲ ಜಾಣನಿಗೆ ಬಾಗಿಲು ತೆರೆಯುವುದರಲ್ಲಿ ಪ್ರೀತಿಯ ಜತೆಗೆ ಲೇವಾದೇವಿಯ ಅಂಶವೂ ಇರಬಹುದು. ಕೊಟ್ಟದ್ದು ಬಡ್ಡಿಯೊಂದಿಗೆ ಮರಳುತ್ತದೆ ಎಂಬ ಆಸೆ ಅದರಲ್ಲಿ ಅಡಗಿರಬಹುದು. ಆದರೆ ಪ್ರಭು ಕ್ರಿಸ್ತರು ಔತಣಕ್ಕೆ ಕರೆಯಬೇಕಾದವರ ಪಟ್ಟಿಯನ್ನು ಬೇರೆಯೇ ರೀತಿಯಲ್ಲಿ ಬರೆದರು. ಮರಳಿ ಕರೆಯಲು ಶಕ್ತಿಯಿಲ್ಲದವರನ್ನೇ ಕರೆಯಿರಿ ಎಂಬುದು ಅವರ ಬೋಧೆಯ ತಿರುಳು. ಆದ್ದರಿಂದ ನಿಜವಾದ ಒರೆಗಲ್ಲು ಕರಾಚಿಯ ಕಾರ್ಡಿನಲ್ ಅಲ್ಲ. ಎಂದೂ ಕಾರ್ಡಿನಲ್ ಆಗದ, ಬೇರೆ ಭಾಷೆಯ, ಬೇರೆ ಮತದ, ದೊಡ್ಡವನಾದ ಮೇಲೆ ಗಾರೆಯವನೋ ಹಮಾಲನೋ ಆಗಿ ಬಾಳಬಹುದಾದ ಮಗು. ಅವನಿಗಾಗಿ ತೆರೆದ ಬಾಗಿಲೇ ಬಾಗಿಲು.

ನಮ್ಮ ಊರಿನ ಬಾಗಿಲು

ಚರಿತ್ರೆಗೆ ತನ್ನದೇ ಆದ ತಿರುವುಗಳಿವೆ. ಗೋವೆ ಒಂದು ಕಾಲಕ್ಕೆ ನಮ್ಮ ಬಿಜಾಪುರದ ಆದಿಲ್‌ಶಾಹಿಗೆ ಸೇರಿತ್ತು. ಪೋರ್ಚುಗೀಸರು ಅದನ್ನು ವಶಪಡಿಸಿಕೊಂಡದ್ದು 1510ರಲ್ಲಿ. ಆ ಆದಿಲ್‌ಶಾಹಿಯನ್ನು ಸ್ಥಾಪಿಸಿದ ಯೂಸುಫ್ ಆದಿಲ್‌ಶಾ ಸ್ವತಃ ಪಶ್ಚಿಮ ಏಷ್ಯಾದಿಂದ ಬಂದ ಪರದೇಶಿ. ನಾಲ್ಕು ಶತಮಾನಗಳ ಬಳಿಕ ಗೋವೆಯ ಬಡವರು ಕರಾಚಿಗೆ ಹೋದರು. ಇಂದು ವಿಜಯಪುರದ ಬಡವರು ಗೋವೆಗೆ ಹೋಗುತ್ತಾರೆ. ದೀಪಾವಳಿ ಕಳೆದರೆ ಸಾಕು, ನಗರದ ಬಸ್ ನಿಲ್ದಾಣದಲ್ಲಿ ಗಂಟುಮೂಟೆ, ಪಾತ್ರೆಯ ಚೀಲ, ಹೆಗಲ ಮೇಲೆ ಮಲಗಿದ ಮಗು. ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ಕೆಲವರು ಗೋವೆಯ ಕಟ್ಟಡಗಳಿಗೆ, ಕೆಲವರು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಹೊರಡುತ್ತಾರೆ. ತಿಕೋಟಾದ ದ್ರಾಕ್ಷಿ ತೋಟಗಳಿಗೂ ಬಬಲೇಶ್ವರದ ಕೆರೆಗಳಿಗೂ ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರು ಬಂದಿದೆ, ಅದು ಸಂತೋಷದ ಮಾತು. ಆದರೆ ನೀರು ಹೊಲವಿದ್ದವನ ಬಾಗಿಲಿಗೆ ಬರುತ್ತದೆ. ಹೊಲವೇ ಇಲ್ಲದವನು ಇಂದಿಗೂ ಬಸ್ ಹತ್ತುತ್ತಾನೆ.

ನನ್ನ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. 2003ರ ಸುಮಾರಿಗೆ ತಿಕೋಟಾ ಭಾಗದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನ ಹೊಣೆ ಕೆಲಕಾಲ ನನ್ನ ಮೇಲಿತ್ತು. ಎಂಟು ತಿಂಗಳು ಗೋವೆಯಲ್ಲಿದ್ದು ಮರಳಿದ ಹುಡುಗನೊಬ್ಬ ತಾಯಿಯೊಂದಿಗೆ ಬಂದು ಬಾಗಿಲಲ್ಲಿ ನಿಂತ. ಐದನೆಯ ತರಗತಿಗೆ ಸೇರಬೇಕಿತ್ತು. "ಅಲ್ಲಿಯ ಶಾಲೆಯಿಂದ ವರ್ಗಾವಣೆ ಪತ್ರ ತಂದಿರೇನು?" ಎಂದು ಕೇಳಿದೆ. ಅಲ್ಲಿ ಅವನು ಶಾಲೆಗೇ ಹೋಗಿರಲಿಲ್ಲ; ಕಟ್ಟಡದ ಮರಳಿನ ರಾಶಿಯ ಬಳಿ ತಂಗಿಯನ್ನು ಆಡಿಸುತ್ತಿದ್ದ. ಪತ್ರ ಎಲ್ಲಿಂದ ಬರಬೇಕು? "ಪತ್ರ ತಂದರೆ ನೋಡೋಣ" ಎಂದು ಕಳುಹಿಸಿದೆ. ಆ ತಾಯಿ ಎದುರಾಡಲಿಲ್ಲ. "ಆತ್ರಿ ಸರ" ಎಂದು ಹೊರಟಳು. ಕೆಲ ದಿನ ಹುಡುಗ ಶಾಲೆಯ ಆವರಣದ ಆಚೆ ಆಡು ಕಾಯುವುದನ್ನು ಕಂಡೆ. ಮರುವರ್ಷ ಕಾಣಲಿಲ್ಲ.

ನಿಯಮವನ್ನು ಪಾಲಿಸಿದೆ ಎಂದು ಅಂದು ಸಮಾಧಾನ ಹೇಳಿಕೊಂಡೆ. ಈಗ ಕಾನೂನೇ ಆ ಸಮಾಧಾನವನ್ನು ಕಿತ್ತುಕೊಂಡಿದೆ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯಂತೆ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಆರರಿಂದ ಹದಿನಾಲ್ಕು ವರ್ಷದ ಯಾವ ಮಗುವಿಗೂ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಶಾಲೆಯನ್ನೇ ಕಾಣದ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಕಾಯ್ದೆ 2010ರಲ್ಲಿ ಬಂತು ನಿಜ. ಆದರೆ ಬಾಗಿಲಲ್ಲಿ ನಿಂತ ಮಗುವಿನ ಮುಖ 2003ರಲ್ಲೂ ನನ್ನ ಕಣ್ಣ ಮುಂದೆಯೇ ಇತ್ತಲ್ಲ! ಒಳಗೆ ಕರೆಯಲು ಕಾಯ್ದೆ ಬೇಕಾಗಿತ್ತೇ? ಕರಾಚಿಯ ಶಾಲೆಯ ಬಾಗಿಲಲ್ಲಿ ಅಂದು ನನ್ನಂಥವನೊಬ್ಬ ಕುಳಿತಿದ್ದರೆ ಭಾರತದ ಮೊದಲ ಕಾರ್ಡಿನಲ್ ಬೇರೊಬ್ಬರಾಗುತ್ತಿದ್ದರು. ಆ ಹುಡುಗನಲ್ಲಿ ಏನಿತ್ತು ಎಂಬುದು ನನಗೆ ಎಂದಿಗೂ ತಿಳಿಯದು. ತಿಳಿಯುವ ಅವಕಾಶವನ್ನೇ ನಾನು ಮುಚ್ಚಿದ್ದೆ.

ನಾವು ಕಳುಹಿಸುವವರು ಮಾತ್ರವಲ್ಲ, ಬರಮಾಡಿಕೊಳ್ಳುವವರೂ ಹೌದು. 2023ರ ಡಿಸೆಂಬರಿನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಏಳು ಮಂದಿ ಕಾರ್ಮಿಕರು ಅದರಡಿ ಸಿಲುಕಿ ಪ್ರಾಣ ಬಿಟ್ಟರು. ಅವರೆಲ್ಲ ಬಿಹಾರದವರು. ನಮ್ಮ ಮಕ್ಕಳು ಗೋವೆಯಲ್ಲಿ ಯಾರಾಗಿದ್ದಾರೋ ಅವರು ನಮ್ಮಲ್ಲಿ ಅದೇ ಆಗಿದ್ದರು. ಸತ್ತ ಮೇಲೆ ಅವರ ಹೆಸರುಗಳನ್ನು ಪತ್ರಿಕೆಯಲ್ಲಿ ಓದಿದೆವು. ಬದುಕಿದ್ದಾಗ ಅವರಲ್ಲಿ ಒಬ್ಬನ ಹೆಸರಾದರೂ ನಮಗೆ ಗೊತ್ತಿತ್ತೇ? ಗೋವೆಯ ಜನ ನಮ್ಮವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಬಯಸುತ್ತೇವೆಯೋ ಹಾಗೆ ನಾವು ಇವರನ್ನು ನಡೆಸಿಕೊಂಡೆವೇ?

ಹೆಸರು ಉಳಿಯದವರು

ವಲಸಿಗರ ಮಗನೇ ಆಗಿದ್ದ ಫ್ರಾನ್ಸಿಸ್ ಜಗದ್ಗುರುಗಳು ಇದನ್ನು ಬಲ್ಲವರಾಗಿದ್ದರು. ಅವರ ತಂದೆ 1929ರಲ್ಲಿ ಇಟಲಿಯಿಂದ ಅರ್ಜೆಂಟೀನಾಕ್ಕೆ ಹಡಗು ಹತ್ತಿದವರು. 2013ರ ಜುಲೈ ತಿಂಗಳಲ್ಲಿ, ಪೀಠವೇರಿದ ಬಳಿಕ ರೋಮಿನಿಂದಾಚೆಗಿನ ತಮ್ಮ ಮೊದಲ ಯಾತ್ರೆಗೆ ಅವರು ಆರಿಸಿಕೊಂಡದ್ದು ಲಾಂಪೆದೂಸ ದ್ವೀಪವನ್ನು. ದಡ ಸೇರುವ ಮುನ್ನವೇ ಸಮುದ್ರದಲ್ಲಿ ಮುಳುಗಿದ ವಲಸಿಗರಿಗಾಗಿ ಅಲ್ಲಿ ಪ್ರಾರ್ಥಿಸಿದರು. ಅವರೇ 2022ರ ಆಗಸ್ಟ್ 27ರಂದು ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಪೂಲ ಆಂತೋಣಿ ಅವರನ್ನು ಕಾರ್ಡಿನಲ್ ಪದವಿಗೇರಿಸಿದರು. ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್ ಇವರು. ಬಡತನದಿಂದಾಗಿ ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಈ ಬಾಲಕನನ್ನು ಮಿಶನರಿಗಳು ಮತ್ತೆ ಓದಿಗೆ ಹಚ್ಚಿದ್ದರು. ಇಲ್ಲಿಯೂ ಅದೇ ಪ್ರಶ್ನೆ, ಅದೇ ಉತ್ತರ: ಯಾರೋ ಬಾಗಿಲು ತೆರೆದರು.

ಕ್ರಿಸ್ತಜಯಂತಿಯ ಕಥೆಯನ್ನು ನಾವು ವರ್ಷವರ್ಷವೂ ಕೇಳುತ್ತೇವೆ. ಬೆತ್ಲೆಹೇಮಿನಲ್ಲಿ ಬಾಗಿಲು ಮುಚ್ಚಿದವರ ಬಗ್ಗೆ ಬಹಳಷ್ಟು ಪ್ರಬೋಧನೆಗಳಾಗಿವೆ. ಆದರೆ ಅನಂತರ ಆ ಕುಟುಂಬ ಹೆರೋದನ ಭಯದಿಂದ ಐಗುಪ್ತಕ್ಕೆ ಓಡಿಹೋಯಿತಲ್ಲ, ಅಲ್ಲಿ ಅವರಿಗೆ ಇರಲು ಒಂದು ಸೂರು ಕೊಟ್ಟವರು ಯಾರು? ಆ ಬಡಗಿಗೆ ಕೆಲಸ ಕೊಟ್ಟವರು ಯಾರು? ಶುಭಸಂದೇಶದಲ್ಲಿ ಅವರ ಹೆಸರಿಲ್ಲ. ಅವರು ಇಸ್ರಯೇಲರೋ ಐಗುಪ್ತರೋ ತಿಳಿಯದು. ತಾವು ಯಾರಿಗೆ ಆಶ್ರಯ ಕೊಟ್ಟೆವು ಎಂಬುದೂ ಅವರಿಗೆ ತಿಳಿದಿರಲಾರದು. ಕಂಕುಳಲ್ಲಿ ಕೂಸು ಹೊತ್ತ ಪರದೇಶಿ ಹೆಂಗಸೊಬ್ಬಳು ಬಂದಳು, ಒಳಗೆ ಕರೆದರು, ಅಷ್ಟೇ.

ಆ ಅಷ್ಟೇ ನಮ್ಮಿಂದಾಗಬೇಕಾದದ್ದು. ಜೂನ್ ತಿಂಗಳಲ್ಲಿ ಗುಳೆ ಹೋದವರು ಮರಳುತ್ತಾರೆ. ನಿಮ್ಮ ಓಣಿಯಲ್ಲಿ ಅಂಥ ಮಗುವಿದ್ದರೆ ಅದರ ಕೈಹಿಡಿದು ಶಾಲೆಯವರೆಗೆ ನಡೆಯಿರಿ. ಪತ್ರವಿಲ್ಲವೆಂದು ಹಿಂದೆ ಕಳುಹಿಸಿದರೆ ಕಾಯ್ದೆಯನ್ನು ವಿನಯದಿಂದ ನೆನಪಿಸಿರಿ. ಊರಲ್ಲೇ ಉಳಿದ ಅಜ್ಜಿಯ ಬಳಿ ಬಿಟ್ಟುಹೋದ ಮಕ್ಕಳಿದ್ದರೆ ಸಂಜೆ ಒಂದು ತಾಸು ನಿಮ್ಮ ಮನೆಯ ದೀಪದ ಬೆಳಕಲ್ಲಿ ಓದಲು ಕರೆಯಿರಿ. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಕೂಲಿಯವನ ಹೆಸರು ಕೇಳಿರಿ. ಇವರಲ್ಲಿ ಯಾರೂ ಕಾರ್ಡಿನಲ್ ಆಗದಿರಬಹುದು, ನಿಮಗೆ ಕೀರ್ತಿ ತರದಿರಬಹುದು. ಆಗಲೂ ಕರೆಯಿರಿ.

ಆ ಸಂಜೆ ಮುದುಕಿಗೆ ಉತ್ತರ ಕೊಡಲಾಗಲಿಲ್ಲ. ಮುಂದಿನ ಸಲ ಬಬಲೇಶ್ವರಕ್ಕೆ ಹೋದಾಗ ಇಷ್ಟನ್ನು ಹೇಳಬೇಕೆಂದಿದ್ದೇನೆ: "ಆಯೀ, ಸೇರಿಸಿಕೊಂಡವರು ಇದ್ದರು. ಅದಕ್ಕೇ ಆ ಕಥೆ ಆಯಿತು. ನನ್ನ ಬಾಗಿಲಿಗೆ ಬಂದ ಹುಡುಗನನ್ನು ಸೇರಿಸಿಕೊಳ್ಳದವನು ನಾನು. ಅವನ ಕಥೆ ಆಗಲಿಲ್ಲ." ಅದಕ್ಕೆ ಆಕೆ ಏನೆನ್ನುವಳೋ ನನಗೆ ಗೊತ್ತಿಲ್ಲ. ಆದರೆ ಅವಳ ಮೊಮ್ಮಕ್ಕಳು ಮರಳಿ ಬರುವ ಜೂನ್ ತಿಂಗಳಲ್ಲಿ ಅವರ ಜತೆ ಶಾಲೆಯವರೆಗೆ ನಡೆದುಹೋಗುವುದಂತೂ ನನ್ನ ಕೈಲಿದೆ.